ಎಷ್ಟು ಮಂದಿ ನರಸಿಂಹಾಚಾರ್?

ಗ್ರಂಥಾಲಯದ ಗಣಕಯಂತ್ರದಲ್ಲಿ ಲೇಖಕರ ಹೆಸರು ಕೇಳುವ ಕಡೆ ‘ನರಸಿಂಹಾಚಾರ್’ ಎಂದು ಬೆರಳಚ್ಚಿಸಿದರೆ ತೆರೆಯ ಮೇಲೆ ಮೂಡುವ ಪಟ್ಟಿ ಸ್ವಾರಸ್ಯಕರವಾಗಿರುತ್ತದೆ. ಈಚೆಗೆ ಗ್ರಂಥಾಲಯವೊಂದರಲ್ಲಿ ನನಗೆ ದೊರೆತ ಪಟ್ಟಿಯಲ್ಲಿ ‘ಕರ್ಣಾಟಕ ಕವಿಚರಿತೆ’ಯ ಸಂಪುಟಗಳು, ಬೇಲೂರಿನ ಕೇಶವ ದೇವಾಲಯವನ್ನು ಕುರಿತ ಇಂಗ್ಲಿಷ್ ಪುಸ್ತಿಕೆ, ‘ಕನ್ನಡ ಗ್ರಂಥಸಂಪಾದನೆ’, ‘ಗೋಕುಲ ನಿರ್ಗಮನ’, ‘ಶ್ರೀಹರಿಚರಿತೆ’ ಇವೆಲ್ಲ ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಕರ್ತೃ ಮಾತ್ರ ಒಬ್ಬರೇ. ಆ ಯಂತ್ರವನ್ನು ನಂಬುವುದಾದರೆ, 1907ರಲ್ಲಿ ಕವಿಗಳ ಚರಿತ್ರೆ ಪ್ರಕಟಿಸಿ, ಹೊಯ್ಸಳರ ಗುಡಿಗಳನ್ನು ಸರ್ವೇಕ್ಷಣೆ ಮಾಡಿ, ಓಲೆಗರಿಗಳ ಪಾಠಾಂತರಗಳನ್ನು ಶೋಧಿಸಿ, ನಡುವೆ ಗೀತನಾಟಕಗಳನ್ನೂ ರಚಿಸಿ, 1991ರಲ್ಲಿ ಪಂಪ ಪ್ರಶಸ್ತಿಯನ್ನು ಸ್ವೀಕರಿಸಿದ ದೀರ್ಘಾಯುಷಿಯೊಬ್ಬರು ಕನ್ನಡ ನಾಡಿನಲ್ಲಿ ಬಾಳಿರಬೇಕು.

ಸಾಹಿತ್ಯದ ಪರಿಚಯವಿರುವ ಓದುಗರು ಇದನ್ನು ಕೇಳಿ ನಗಬಹುದು. ಅವರಿಗೆ ಆರ್. ನರಸಿಂಹಾಚಾರ್ ಬೇರೆ, ಡಿ.ಎಲ್. ನರಸಿಂಹಾಚಾರ್ ಬೇರೆ, ಪು.ತಿ. ನರಸಿಂಹಾಚಾರ್ ಬೇರೆ. ಆದರೆ ಈ ತಿಳಿವಳಿಕೆ ನಮ್ಮ ತಲೆಮಾರಿನವರ ತಲೆಯಲ್ಲಿ ಇದೆಯೇ ಹೊರತು ಪಟ್ಟಿಯಲ್ಲಿಲ್ಲ. ಇನ್ನು ಮೂವತ್ತು ವರ್ಷಗಳ ಅನಂತರ ಹಳೆಯ ಪುಸ್ತಕವೊಂದನ್ನು ಹುಡುಕುವ ತರುಣನಿಗೆ ನೆರವಾಗಬೇಕಾದದ್ದು ಪಟ್ಟಿ, ನಮ್ಮ ನೆನಪಲ್ಲ.

ಆರ್. ನರಸಿಂಹಾಚಾರ್ (1860–1936) ಮೈಸೂರು ಸಂಸ್ಥಾನದ ಪ್ರಾಕ್ತನ ಸಂಶೋಧನ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದವರು. ಬಿ.ಎಲ್. ರೈಸ್ 1906ರಲ್ಲಿ ನಿವೃತ್ತರಾದಾಗ ಆ ಹೊಣೆ ಇವರ ಹೆಗಲಿಗೆ ಬಂತು. 1922ರವರೆಗೆ ಅದನ್ನು ನಿರ್ವಹಿಸಿದರು. ಶ್ರವಣಬೆಳಗೊಳದ ಶಾಸನ ಸಂಪುಟದ ರೈಸರ ಆವೃತ್ತಿಯಲ್ಲಿ 144 ಶಾಸನಗಳಿದ್ದರೆ, ನರಸಿಂಹಾಚಾರ್ ಪರಿಷ್ಕರಿಸಿ 1923ರಲ್ಲಿ ಹೊರಬಂದ ಆವೃತ್ತಿಯಲ್ಲಿ ಅವು 500ಕ್ಕೆ ಏರಿದವು. ಕಚೇರಿಯ ಈ ಕೆಲಸದ ಜೊತೆಯಲ್ಲೇ ಅವರು ‘ಕವಿಚರಿತೆ’ಯ ಮೂರು ಸಂಪುಟಗಳನ್ನು 1907, 1919 ಮತ್ತು 1929ರಲ್ಲಿ ಹೊರತಂದರು. ಸರಕಾರಿ ಸೇವೆಯಲ್ಲಿದ್ದು ಬಂದ ನನ್ನಂಥವನಿಗೆ ಈ ದುಡಿಮೆಯ ಪ್ರಮಾಣವೇ ಬೆರಗು ಹುಟ್ಟಿಸುತ್ತದೆ.

ಡಿ.ಎಲ್. ನರಸಿಂಹಾಚಾರ್ (1906–1971) ಅಧ್ಯಾಪಕರು. ಓಲೆಗರಿಯಲ್ಲಿ ಲಿಪಿಕಾರರ ಕೈತಪ್ಪಿನಿಂದ ಕೆಟ್ಟ ಪಾಠವನ್ನು ತಿದ್ದುವ ಶಾಸ್ತ್ರಕ್ಕೆ ಕನ್ನಡದಲ್ಲಿ ಆಧಾರಗ್ರಂಥವನ್ನೇ ಬರೆದವರು. 1949ರಲ್ಲಿ ‘ವಡ್ಡಾರಾಧನೆ’ಯನ್ನು ಸಂಪಾದಿಸಿಕೊಟ್ಟವರು, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗಾಗಿ ದುಡಿದವರು. ಪು.ತಿ.ನ. (1905–1998) ಮೇಲುಕೋಟೆಯ ಕವಿ. ಹೊಟ್ಟೆಪಾಡಿಗಾಗಿ ಸಂಸ್ಥಾನದ ಸೇನಾ ಇಲಾಖೆಯಲ್ಲಿ, ಆಮೇಲೆ ಶಾಸಕಾಂಗದ ಕಚೇರಿಯಲ್ಲಿ ಕೆಲಸ ಮಾಡಿ, ಒಳಗೆ ‘ಅಹಲ್ಯೆ’, ‘ಹಂಸದಮಯಂತಿ’ಯಂಥ ಗೀತರೂಪಕಗಳನ್ನು ಬೆಳೆಸಿಕೊಂಡವರು. ಒಬ್ಬರು ಶಾಸನದ ಕಲ್ಲಿನೊಡನೆ, ಇನ್ನೊಬ್ಬರು ಓಲೆಗರಿಯೊಡನೆ, ಮತ್ತೊಬ್ಬರು ರಾಗದೊಡನೆ ಬಾಳಿದರು. ಮೂವರೂ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತವರು: ಮೊದಲನೆಯವರು 1918ರಲ್ಲಿ ಧಾರವಾಡದಲ್ಲಿ, ಎರಡನೆಯವರು ಬೀದರಿನಲ್ಲಿ, ಮೂರನೆಯವರು 1981ರಲ್ಲಿ ಚಿಕ್ಕಮಗಳೂರಿನಲ್ಲಿ. ಸಮ್ಮೇಳನಾಧ್ಯಕ್ಷರ ಯಾದಿಯಿಂದ ಯಾರಾದರೂ ಇನಿಷಿಯಲ್ಸುಗಳನ್ನು ತೆಗೆದುಹಾಕಿದರೆ ಒಬ್ಬರೇ ಮೂರು ಸಲ ಅಧ್ಯಕ್ಷರಾದರೆಂದು ತೋರೀತು.

ಇವರಲ್ಲದೆ ನಾಲ್ಕನೆಯವರೊಬ್ಬರಿದ್ದಾರೆ. ಎಸ್.ಜಿ. ನರಸಿಂಹಾಚಾರ್ (1862–1907) ನಲವತ್ತೈದರ ವಯಸ್ಸಿಗೇ ತೀರಿಕೊಂಡವರು. ಎಂ.ಎ. ರಾಮಾನುಜಯ್ಯಂಗಾರ್ ಅವರ ಜೊತೆಗೂಡಿ ಹಳಗನ್ನಡ ಕಾವ್ಯಗಳನ್ನು ಅಚ್ಚಿಗೆ ತಂದರು. ಮೇಲಿನ ಮೂವರ ಅಭಿಮಾನಿಗಳಲ್ಲೂ ಎಷ್ಟೋ ಮಂದಿಗೆ ಇವರ ಹೆಸರು ಗೊತ್ತಿರಲಾರದು. ಒಂದೇ ಹೆಸರಿನ ಗೊಂದಲದಲ್ಲಿ ನಿಜವಾದ ನಷ್ಟ ಆಗುವುದು ಇಂಥವರಿಗೆ. ಪ್ರಸಿದ್ಧರ ಪುಸ್ತಕವನ್ನು ಓದುಗ ಹೇಗಾದರೂ ಹುಡುಕಿಕೊಳ್ಳುತ್ತಾನೆ. ಅಪ್ರಸಿದ್ಧರ ಪುಸ್ತಕ ಪ್ರಸಿದ್ಧರ ಖಾತೆಗೆ ಜಮೆಯಾಗಿಬಿಡುತ್ತದೆ, ಕೇಳುವವರಿಲ್ಲ.

ಇಲ್ಲಿ ವಿಧಿಯ ಅಣಕವೊಂದಿದೆ. ‘ಕವಿಚರಿತೆ’ಯ ಕರ್ತೃ ತಮ್ಮ ಆಯುಷ್ಯದ ಬಹುಪಾಲನ್ನು ಸವೆಸಿದ್ದೇ ಒಂದೇ ಹೆಸರಿನ ಕವಿಗಳನ್ನು ಬೇರೆ ಬೇರೆ ಮಾಡುವ ಕೆಲಸದಲ್ಲಿ. ಹಳಗನ್ನಡದಲ್ಲಿ ನಾಗವರ್ಮ ಎಂಬ ಹೆಸರಿನಲ್ಲಿ ಉಳಿದುಬಂದಿರುವ ಕೃತಿಗಳನ್ನು ನೋಡಿ. ‘ಛಂದೋಂಬುಧಿ’ ಛಂದಶ್ಶಾಸ್ತ್ರ, ಕವಿ ಅದನ್ನು ಹೆಂಡತಿಗೆ ಹೇಳುವಂತೆ ಬರೆದಿದ್ದಾನೆ. ‘ಕರ್ಣಾಟಕ ಕಾದಂಬರಿ’ ಬಾಣನ ಗದ್ಯಕಾವ್ಯವನ್ನು ಕನ್ನಡದ ಚಂಪುವಿಗೆ ಇಳಿಸಿದ್ದು. ‘ಕಾವ್ಯಾವಲೋಕನ’ ಅಲಂಕಾರಶಾಸ್ತ್ರ. ‘ಕರ್ಣಾಟಕ ಭಾಷಾಭೂಷಣ’ ಕನ್ನಡ ಭಾಷೆಗೆ ಸಂಸ್ಕೃತ ಸೂತ್ರಗಳಲ್ಲಿ ಬರೆದ ವ್ಯಾಕರಣ. ‘ವಸ್ತುಕೋಶ’ ಸಂಸ್ಕೃತ–ಕನ್ನಡ ನಿಘಂಟು. ಇವಿಷ್ಟನ್ನೂ ಒಬ್ಬನೇ ಬರೆದನೆನ್ನಬೇಕೆ? ಮೊದಲೆರಡರ ಕರ್ತೃವನ್ನು ಒಂದನೆಯ ನಾಗವರ್ಮನೆಂದೂ (ಸು. 990) ಉಳಿದವುಗಳ ಕರ್ತೃವನ್ನು ಎರಡನೆಯ ನಾಗವರ್ಮನೆಂದೂ ವಿದ್ವಾಂಸರು ಬಿಡಿಸಿದರು. ಮೊದಲೆರಡನ್ನು ಬರೆದವನಾದರೂ ಒಬ್ಬನೇ ಹೌದೇ ಎಂದು ಸಂದೇಹ ಎತ್ತಿದವರೂ ಇದ್ದಾರೆ.

ಎರಡನೆಯವನ ಕಾಲವನ್ನು ನಿರ್ಣಯಿಸುವಾಗ ತೊಡಕು ಇಮ್ಮಡಿಸಿತು. ಆತ ಜಗದೇಕಮಲ್ಲನೆಂಬ ಚಾಲುಕ್ಯ ಅರಸನ ಕಟಕೋಪಾಧ್ಯಾಯನಾಗಿದ್ದನೆಂದು ತಿಳಿದುಬಂತು. ಆದರೆ ಜಗದೇಕಮಲ್ಲರೂ ಇಬ್ಬರು! ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ ಜಯಸಿಂಹನಿಗೂ ಆ ಬಿರುದಿತ್ತು, ಹನ್ನೆರಡನೆಯ ಶತಮಾನದ ನಡುವಿನಲ್ಲಿ ಆಳಿದ ಇನ್ನೊಬ್ಬನಿಗೂ ಅದೇ ಹೆಸರಿತ್ತು. ಆರ್. ನರಸಿಂಹಾಚಾರ್ ಎರಡನೆಯ ಅರಸನನ್ನು ಹಿಡಿದು ಕವಿಯನ್ನು ಸುಮಾರು 1145ರಲ್ಲಿ ಇರಿಸಿದರು. ಆಮೇಲೆ ಬೆಳಕಿಗೆ ಬಂದ, 1042ರ ‘ವರ್ಧಮಾನ ಪುರಾಣ’ವೂ ಇದೇ ನಾಗವರ್ಮನದೆಂದು ಒಪ್ಪಿದ ವಿದ್ವಾಂಸರು ಅವನನ್ನು ನೂರು ವರ್ಷ ಹಿಂದಕ್ಕೆ ಒಯ್ದರು. ಕವಿಯ ಹೆಸರೂ ಎರಡು ಕಡೆ, ಆಶ್ರಯವಿತ್ತ ಅರಸನ ಹೆಸರೂ ಎರಡು ಕಡೆ ಇದ್ದುದರಿಂದ ಕನ್ನಡ ವ್ಯಾಕರಣದ ಚರಿತ್ರೆಯಲ್ಲಿ ಒಂದು ಶತಮಾನವೇ ಅಲುಗಾಡಿತು.

ಚಾವುಂಡರಾಯನೆಂದೊಡನೆ ನಮಗೆ ಗೊಮ್ಮಟ ನೆನಪಾಗುತ್ತಾನೆ. ಆ ಗಂಗಮಂತ್ರಿ 978ರಲ್ಲಿ ಜೈನ ಶಲಾಕಾಪುರುಷರ ಚರಿತ್ರೆಯನ್ನು ಗದ್ಯದಲ್ಲಿ ಬರೆದ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಚಾಲುಕ್ಯರ ನಾಡಿನಲ್ಲಿ ಇನ್ನೊಬ್ಬ ಚಾವುಂಡರಾಯ ‘ಲೋಕೋಪಕಾರ’ವನ್ನು ರಚಿಸಿದ. ನೆಲದಡಿಯ ನೀರನ್ನು ಗುರುತಿಸುವುದು, ಗಿಡಮರಗಳ ಪೋಷಣೆ, ಅಡುಗೆ, ಸುಗಂಧದ್ರವ್ಯ, ಶಕುನ ಇವೆಲ್ಲ ಅಲ್ಲಿವೆ. ಗೊಮ್ಮಟನನ್ನು ನಿಲ್ಲಿಸಿದ ದಂಡನಾಯಕನೇ ಒಗ್ಗರಣೆಯ ವಿಧಾನವನ್ನೂ ಹೇಳಿಕೊಟ್ಟನೆಂದು ನಂಬಿದರೆ ಕಥೆ ಸೊಗಸಾಗಿರುತ್ತದೆ, ಚರಿತ್ರೆ ಕೆಡುತ್ತದೆ. ಡಿ.ಎಲ್.ಎನ್. ಸಂಪಾದಿಸಿದ ‘ವಡ್ಡಾರಾಧನೆ’ಯದೂ ಇದೇ ಬಗೆಯ ಸಮಸ್ಯೆ. ಅದರ ಕರ್ತೃವೆಂದು ಹೇಳುತ್ತ ಬಂದಿರುವ ಹೆಸರು ಶಿವಕೋಟ್ಯಾಚಾರ್ಯ. ಪ್ರಾಕೃತದ ‘ಭಗವತೀ ಆರಾಧನೆ’ಯ ಕರ್ತೃವನ್ನೂ ಪರಂಪರೆ ಶಿವಕೋಟಿ ಎಂದೇ ಕರೆಯುತ್ತದೆ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಇಷ್ಟೆಲ್ಲ ತೊಡಕುಗಳನ್ನು ಆ ಹಿರಿಯರು ಹೇಗೆ ಬಿಡಿಸಿದರು? ಕೃತಿಯ ಆಶ್ವಾಸದ ಕೊನೆಯ ಗದ್ಯದಲ್ಲಿ ಕವಿ ಹೇಳಿಕೊಂಡ ಗುರುವಿನ ಹೆಸರು, ತಂದೆತಾಯಿಯರ ಹೆಸರು, ಆಶ್ರಯದಾತನ ಬಿರುದು, ಸ್ತುತಿಸಿದ ಪೂರ್ವಕವಿಗಳು, ತನ್ನನ್ನು ಸ್ತುತಿಸಿದ ಮುಂದಿನವರು, ಶಾಸನದ ತಿಥಿ, ಭಾಷೆಯ ಸ್ವರೂಪ ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿ ನೋಡಿದರು. ಅವರ ಬಳಿ ಗಣಕಯಂತ್ರವಿರಲಿಲ್ಲ. ಸಾವಿರ ವರ್ಷದ ಹಿಂದಿನ ಕವಿಗಳಿಗೆ ಇಷ್ಟು ಶ್ರಮಪಟ್ಟು ನ್ಯಾಯ ದೊರಕಿಸಿದವರನ್ನು, ಅವರ ಹುಟ್ಟುಸಾವುಗಳ ವರ್ಷ ಕಣ್ಣೆದುರಿಗೇ ಇರುವಾಗ, ನಾವು ಒಂದೇ ಮೂಟೆಯಲ್ಲಿ ಕಟ್ಟಿಟ್ಟಿದ್ದೇವೆ.

ಇದಕ್ಕೆ ಕಾರಣ ಅಲಕ್ಷ್ಯ ಮಾತ್ರವಲ್ಲ. ನಮ್ಮ ಹೆಸರುಗಳ ರಚನೆ ಬೇರೆ, ಪಟ್ಟಿ ಮಾಡುವ ಅಚ್ಚು ಬೇರೆ. ಪಶ್ಚಿಮದವರ ಹೆಸರಿನ ಕೊನೆಯಲ್ಲಿ ಬರುವುದು ಮನೆತನದ ಹೆಸರು, ಮೊದಲು ಬರುವುದು ವ್ಯಕ್ತಿಯ ಹೆಸರು. ಹಳೆಯ ಮೈಸೂರಿನ ಕಡೆ ಕೊನೆಯಲ್ಲಿ ಬರುವುದೇ ವ್ಯಕ್ತಿಯ ಹೆಸರು. ಅದು ಅಜ್ಜನದೋ ಮನೆದೇವರದೋ ಆಗಿ ಸಾವಿರಾರು ಮಂದಿಗೆ ಸಮಾನವಾಗಿರುತ್ತದೆ. ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವ ಗುರುತು ಮುಂದಿರುವ ಒಂದೆರಡು ಅಕ್ಷರಗಳಲ್ಲಿ ಅಡಗಿದೆ. ಪು.ತಿ. ಎಂದರೆ ಪುರೋಹಿತ ಮನೆತನ ಮತ್ತು ತಂದೆ ತಿರುನಾರಾಯಣ. ಮೇಲುಕೋಟೆಯ ದೇವರೂ ಆ ಅಕ್ಷರದಲ್ಲಿ ಇದ್ದಾನೆ. ಧಾರವಾಡದ ಕಡೆಯವರು ಬೇಂದ್ರೆ, ಗೋಕಾಕ, ಮುಗಳಿ ಎಂದು ಅಡ್ಡಹೆಸರನ್ನು ಕೊನೆಗೆ ಇಟ್ಟುಕೊಂಡಿರುವುದರಿಂದ ಈ ಕಷ್ಟ ಅವರಿಗೆ ಕಡಿಮೆ. ಪಶ್ಚಿಮದ ಅಚ್ಚಿನಲ್ಲಿ ಸಿದ್ಧಪಡಿಸಿದ ತಂತ್ರಾಂಶಕ್ಕೆ ನಮ್ಮ ಇನಿಷಿಯಲ್ಸು ಬಾಲದಂತೆ ಕಾಣುತ್ತದೆ. ಅದನ್ನು ಹಿಂದಕ್ಕೆ ತಳ್ಳುತ್ತದೆ ಅಥವಾ ಕತ್ತರಿಸುತ್ತದೆ. ರೋಮನ್ ಲಿಪಿಗೆ ಇಳಿಸುವಾಗ ಒಬ್ಬರು ನರಸಿಂಹಾಚಾರ್ ಎಂದರೆ ಇನ್ನೊಬ್ಬರು ನರಸಿಂಹಾಚಾರಿ, ಮತ್ತೊಬ್ಬರು ನರಸಿಂಹಾಚಾರ್ಯ ಎನ್ನುತ್ತಾರೆ. ಹೀಗಾಗಿ ನಾಲ್ವರು ಒಬ್ಬರಾಗುವ ಪಟ್ಟಿಯಲ್ಲೇ ಒಬ್ಬರು ಮೂವರೂ ಆಗಿರುತ್ತಾರೆ.

ಜನ ತಮ್ಮದೇ ಉಪಾಯ ಕಂಡುಕೊಂಡಿದ್ದರು. ಗುರುಶಿಷ್ಯರಿಬ್ಬರೂ ಶ್ರೀಕಂಠಯ್ಯರಾದಾಗ ಒಬ್ಬರು ಬಿಎಂಶ್ರೀ, ಇನ್ನೊಬ್ಬರು ತೀನಂಶ್ರೀ ಆದರು. ‘ಇಂಗ್ಲಿಷ್ ಗೀತಗಳು’ ಯಾರದು, ‘ಭಾರತೀಯ ಕಾವ್ಯಮೀಮಾಂಸೆ’ ಯಾರದು ಎಂದು ಮೇಷ್ಟರು ಹೇಳಿಕೊಡಬೇಕಾಗಲಿಲ್ಲ. ಸೀತಾರಾಮಯ್ಯರೂ ಇಬ್ಬರು. ವಿ.ಸೀ. (1899–1983) ಕವಿ, ವಿಮರ್ಶಕ, ‘ಪಂಪಾಯಾತ್ರೆ’ಯ ಲೇಖಕ. ಅವರ ‘ಹಣ ಪ್ರಪಂಚ’ವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾನು ಓದಿದೆ. ನಾಣ್ಯ, ಬ್ಯಾಂಕು, ಬೆಲೆಗಳ ವಿಚಾರವನ್ನು ಇಷ್ಟು ತಿಳಿಯಾದ ಕನ್ನಡದಲ್ಲಿ ಹೇಳಬಹುದೆಂದು ಆಗ ಗೊತ್ತಾಯಿತು. ಎಂ.ವಿ. ಸೀತಾರಾಮಯ್ಯ (1910–1990) ‘ಕವಿರಾಜಮಾರ್ಗ’ವನ್ನು ಸಂಪಾದಿಸಿದವರು, ‘ರಾಘವ’ ಎಂಬ ಕಾವ್ಯನಾಮದಲ್ಲಿ ಬರೆದವರು. ಬರಿಯ ‘ಸೀತಾರಾಮಯ್ಯ’ ಎಂಬ ಶೀರ್ಷಿಕೆಯಡಿ ಹಳಗನ್ನಡದ ಲಕ್ಷಣಗ್ರಂಥವೂ ಬ್ಯಾಂಕಿನ ಬಡ್ಡಿಯೂ ಒಟ್ಟಿಗೆ ಕುಳಿತಿರುತ್ತವೆ.

ಇದು ನಮ್ಮ ಊರಿನ ರೋಗ ಮಾತ್ರವೆಂದು ತಿಳಿಯಬೇಕಾಗಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇಬ್ಬರು ಕೇನ್ಸರು ಗೊತ್ತು. ತಂದೆ ಜಾನ್ ನೆವಿಲ್ ಕೇನ್ಸ್ 1891ರಲ್ಲಿ ಅರ್ಥಶಾಸ್ತ್ರದ ವ್ಯಾಪ್ತಿ ಮತ್ತು ವಿಧಾನವನ್ನು ಕುರಿತು ಬರೆದರು. ಮಗ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲಿ ಆ ಶಾಸ್ತ್ರವನ್ನೇ ತಲೆಕೆಳಗು ಮಾಡಿದರು. ಇಬ್ಬರನ್ನು ಬೇರ್ಪಡಿಸುವುದು ನಡುವಿನ ಒಂದು ಅಕ್ಷರ. ವಿನ್‍ಸ್ಟನ್ ಚರ್ಚಿಲ್ಲರ ಪ್ರಕರಣ ಇನ್ನೂ ಪ್ರಸಿದ್ಧವಾದದ್ದು. 1890ರ ದಶಕದ ಕೊನೆಯಲ್ಲಿ ಬೆಂಗಳೂರಿನ ದಂಡಿನಲ್ಲಿ ಕಿರಿಯ ಅಧಿಕಾರಿಯಾಗಿದ್ದ ಆಂಗ್ಲ ತರುಣ ಇಲ್ಲಿಯೇ ಕುಳಿತು ಮಲಕಂದದ ಯುದ್ಧವೃತ್ತಾಂತವನ್ನು ಬರೆದು 1898ರಲ್ಲಿ ಪ್ರಕಟಿಸಿದ. ‘ಸವ್ರೋಲಾ’ ಎಂಬ ಕಾದಂಬರಿಯನ್ನೂ ಕೈಗೆತ್ತಿಕೊಂಡಿದ್ದ. ಅಷ್ಟರಲ್ಲಿ ಅಮೆರಿಕದಲ್ಲಿ ಅದೇ ಹೆಸರಿನ, ಮೂರು ವರ್ಷ ಹಿರಿಯನಾದ ಕಾದಂಬರಿಕಾರನೊಬ್ಬ ‘ರಿಚರ್ಡ್ ಕಾರ್ವೆಲ್’ ಬರೆದು ಜನಪ್ರಿಯನಾಗಿದ್ದ. 1899ರಲ್ಲಿ ಆಂಗ್ಲ ಚರ್ಚಿಲ್ ಅಮೆರಿಕದವನಿಗೆ ಕಾಗದ ಬರೆದು, ಓದುಗರಿಗೆ ಗೊಂದಲವಾಗದಿರಲೆಂದು ತಾನು ಇನ್ನು ಮುಂದೆ ವಿನ್‍ಸ್ಟನ್ ಸ್ಪೆನ್ಸರ್ ಚರ್ಚಿಲ್ ಎಂದು ಸಹಿ ಹಾಕುವುದಾಗಿ ತಿಳಿಸಿದ. ತನಗೆ ನಡುವಿನ ಹೆಸರಿದ್ದಿದ್ದರೆ ತಾನೂ ಬಳಸುತ್ತಿದ್ದೆನೆಂದು ಆತ ಮರುತ್ತರ ಕಳುಹಿಸಿದ. ಆಗ ಹೆಚ್ಚು ಹೆಸರು ಮಾಡಿದ್ದ ಕಾದಂಬರಿಕಾರ ಅಮೆರಿಕದವನು. ಇಂದು ಅವನ ಪುಸ್ತಕಗಳನ್ನು ಕಂಡವರು ಪ್ರಧಾನಿಯೇ ಬರೆದನೆಂದು ಭ್ರಮಿಸುತ್ತಾರೆ. ಬದುಕಿದ್ದ ಇಬ್ಬರು ಸಭ್ಯರು ಕಾಗದದ ಮೂಲಕ ಒಪ್ಪಂದಕ್ಕೆ ಬರಬಹುದು. ತೀರಿಹೋದವರ ಪರವಾಗಿ ಆ ಕಾಗದವನ್ನು ಗ್ರಂಥಾಲಯವೇ ಬರೆಯಬೇಕು.

ಸರಕಾರದ ಬಗೆಗೆ ದೂರುವುದು ಸುಲಭ. ಆದರೆ ಈ ಒಂದು ವಿಷಯದಲ್ಲಿ ಕಂದಾಯ ಇಲಾಖೆಯ ದಫ್ತರ ನಮ್ಮ ಗ್ರಂಥಸೂಚಿಗಳಿಗಿಂತ ಬುದ್ಧಿವಂತಿಕೆಯಿಂದ ನಡೆದುಕೊಂಡಿದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಒಂದು ಊರಿನಲ್ಲಿ ಐವರು ಸಿದ್ದೇಗೌಡರಿದ್ದರೆ ಪಹಣಿಯಲ್ಲಿ ಬರಿಯ ಸಿದ್ದೇಗೌಡನೆಂದು ಯಾರೂ ಬರೆಯುವುದಿಲ್ಲ. ಗಂಡಸಾದರೆ ‘ಬಿನ್’ ಎಂದು ತಂದೆಯ ಹೆಸರು, ಮದುವೆಯಾದ ಹೆಂಗಸಾದರೆ ‘ಕೋಂ’ ಎಂದು ಗಂಡನ ಹೆಸರು ಬರಲೇಬೇಕು. ನಾನು ಸೇವೆಯಲ್ಲಿದ್ದಾಗ ಭೂಸ್ವಾಧೀನದ ಪರಿಹಾರ ಹಂಚುವ ಕಡತವೊಂದರಲ್ಲಿ ತಂದೆಯ ಹೆಸರೂ ಒಂದೇ ಆಗಿದ್ದ ಇಬ್ಬರು ರೈತರು ಎದುರಾದರು. ಇಬ್ಬರ ಜಮೀನೂ ಅಕ್ಕಪಕ್ಕದ ಸರ್ವೆ ನಂಬರುಗಳಲ್ಲಿತ್ತು. ಗ್ರಾಮಲೆಕ್ಕಿಗರು ತಲೆ ಕೆರೆದುಕೊಳ್ಳಲಿಲ್ಲ. ಹಳೆಯ ಖಾತೆಯನ್ನು ತೆರೆದು ತೋರಿಸಿದರು: ಒಬ್ಬನ ಹೆಸರಿನ ಮುಂದೆ ‘ಉರುಫ್’ ಎಂದು ಮನೆಯ ಹೆಸರು ಬರೆದಿತ್ತು. ಯಾವ ಕಾಲದ ಶಾನುಭೋಗರ ಕೈಬರಹವೋ ಕಾಣೆ, ಅಂದು ಪರಿಹಾರದ ಹಣ ಸರಿಯಾದ ಕೈಗೆ ಸೇರಿತು. ಅರ್ಧ ಎಕರೆ ಹೊಲಕ್ಕೆ ಇರುವ ಈ ಮರ್ಯಾದೆ ಒಬ್ಬ ಲೇಖಕನ ಜೀವಮಾನದ ಕೃತಿಗೆ ಏಕಿರಬಾರದು?

ಹೊಲದ ಮಾತು ಉಪಮೆಗಾಗಿ ತಂದದ್ದಲ್ಲ. ಪುಸ್ತಕವೂ ಆಸ್ತಿ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಲೇಖಕನ ಮರಣಾನಂತರದ ವರ್ಷದ ಮೊದಲಿನಿಂದ ಅರವತ್ತು ವರ್ಷಗಳವರೆಗೆ ಕೃತಿಯ ಹಕ್ಕು ಅವನ ವಾರಸುದಾರರದು. 1992ರ ತಿದ್ದುಪಡಿಗೆ ಮುಂಚೆ ಅದು ಐವತ್ತು ವರ್ಷವಾಗಿತ್ತು. ಈಗ ನಮ್ಮ ನಾಲ್ವರನ್ನು ಈ ತಕ್ಕಡಿಯಲ್ಲಿ ಇಟ್ಟು ನೋಡಿ. 1907ರಲ್ಲಿ ಮತ್ತು 1936ರಲ್ಲಿ ತೀರಿಕೊಂಡ ಇಬ್ಬರು ಬದುಕಿದ್ದಾಗ ಪ್ರಕಟಿಸಿದ ಪುಸ್ತಕಗಳು ಎಂದೋ ಸಾರ್ವಜನಿಕರ ಸೊತ್ತಾಗಿವೆ. ಯಾರು ಬೇಕಾದರೂ ಮರುಮುದ್ರಿಸಬಹುದು, ಗಣಕೀಕರಿಸಿ ಹಂಚಬಹುದು. ಡಿ.ಎಲ್.ಎನ್. ಅವರ ಕೃತಿಗಳ ಹಕ್ಕು 2031ರ ಕೊನೆಯವರೆಗೆ ಉಳಿಯುತ್ತದೆ. ಪು.ತಿ.ನ. ಅವರದು 2058ರವರೆಗೆ. ಇವರೆಲ್ಲ ಒಂದೇ ಹೆಸರಿನಡಿ ಇರುವ ಪಟ್ಟಿಯನ್ನು ಹಿಡಿದು ಹಳೆಯ ಪುಸ್ತಕಗಳನ್ನು ಗಣಕೀಕರಿಸಲು ಹೊರಟವರು ಎರಡು ಬಗೆಯಲ್ಲಿ ಎಡವಬಹುದು. ಹಕ್ಕಿರುವ ಕಾವ್ಯವನ್ನು ಬಿಟ್ಟಿಯಾಗಿ ಹಂಚಿ ಕವಿಯ ಮನೆಯವರಿಗೆ ಅನ್ಯಾಯ ಮಾಡಬಹುದು. ಇಲ್ಲವೇ ಅಂಜಿಕೆಯಿಂದ ಯಾರ ಹಕ್ಕೂ ಇಲ್ಲದ ‘ಕವಿಚರಿತೆ’ಯನ್ನು ಬೀಗ ಹಾಕಿ ಇಡಬಹುದು. ಈ ಎರಡನೆಯದು ಸದ್ದಿಲ್ಲದೆ ಆಗುವ ನಷ್ಟ. ದೂರು ಕೊಡುವವರೇ ಇರುವುದಿಲ್ಲ. ಕಾಯಿದೆಯ 57ನೆಯ ಕಲಮು ಹಣದ ಮಾತನ್ನು ಬದಿಗಿಟ್ಟು, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಲೇಖಕನಿಗೆ ಪ್ರತ್ಯೇಕವಾಗಿ ಕೊಟ್ಟಿದೆ. ಹಕ್ಕನ್ನು ಮಾರಿಕೊಂಡ ಮೇಲೂ ಉಳಿಯುವ ಹಕ್ಕು ಅದು.

ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾದ್ದೇನಲ್ಲ. ಹೆಸರಿನ ಮುಂದೆ ಹುಟ್ಟಿದ ಮತ್ತು ತೀರಿದ ವರ್ಷಗಳನ್ನು ಬರೆಯುವುದು ಜಗತ್ತಿನ ದೊಡ್ಡ ಗ್ರಂಥಾಲಯಗಳಲ್ಲಿ ಬಹು ಹಿಂದಿನಿಂದ ಬಂದ ರೂಢಿ. ಭಾರತೀಯ ಹೆಸರುಗಳಿಗೆ ಪಶ್ಚಿಮದ ನಿಯಮ ಹೊಂದುವುದಿಲ್ಲವೆಂಬುದನ್ನು ಅರಿತು ಚಿಂತಿಸಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಇಲ್ಲಿಯೇ ಸ್ಥಾಪಿಸಿದರು. ಅವರ ಊರಾದ ಮೇಲೂ ನಮ್ಮ ಪಟ್ಟಿಗಳು ಹೀಗಿವೆ ಎಂಬುದು ಖೇದದ ಸಂಗತಿ. 2012ರಿಂದ ಲೇಖಕರಿಗೆ ಹದಿನಾರು ಅಂಕಿಗಳ ಅಂತರರಾಷ್ಟ್ರೀಯ ಗುರುತುಸಂಖ್ಯೆಯನ್ನು ಕೊಡುವ ಏರ್ಪಾಡೂ ಬಂದಿದೆ. ಪುಸ್ತಕಕ್ಕೆ ಐಎಸ್‍ಬಿಎನ್ ಇರುವಂತೆ ಬರೆದವರಿಗೆ ಐಎಸ್‍ಎನ್‍ಐ.

ಕನ್ನಡದ ಲೇಖಕರೆಲ್ಲರ ಹೆಸರಿನ ಅಧಿಕೃತ ಕಡತವೊಂದನ್ನು ಸಿದ್ಧಪಡಿಸುವುದು ಕೋಟಿಗಟ್ಟಲೆ ಹಣದ ಯೋಜನೆಯಲ್ಲ. ಹಳೆಯ ಮುಖಪುಟಗಳನ್ನು ಓದಬಲ್ಲ ಹತ್ತಾರು ಮಂದಿ ಕನ್ನಡ ಎಂ.ಎ. ಪದವೀಧರರು, ನಾಲ್ಕಾರು ಗ್ರಂಥಪಾಲಕರು, ಎರಡು ಮೂರು ವರ್ಷ ಸಾಕೆಂದು ನನ್ನ ಅಂದಾಜು. ಸಾರ್ವಜನಿಕ ಗ್ರಂಥಾಲಯ ಇಲಾಖೆಯೋ ಸಾಹಿತ್ಯ ಪರಿಷತ್ತೋ ವಿಶ್ವವಿದ್ಯಾಲಯವೋ, ಯಾರಾದರೂ ಒಬ್ಬರು ಹೊಣೆ ಹೊರಬೇಕು. ಸಮಿತಿಯ ಮೇಲೆ ಸಮಿತಿ ಆಗಬಾರದು. ಸಮಿತಿಗಳ ಗತಿ ಏನಾಗುತ್ತದೆಂಬುದನ್ನು ಒಳಗಿದ್ದು ನೋಡಿದ್ದೇನೆ. 1965ರ ಗ್ರಂಥಾಲಯ ಕಾಯಿದೆಯ ದೆಸೆಯಿಂದ ನಾವು ಆಸ್ತಿ ತೆರಿಗೆಯ ಜೊತೆ ಶೇಕಡ 6ರಷ್ಟು ಗ್ರಂಥಾಲಯ ಕರವನ್ನು ಕಟ್ಟುತ್ತೇವೆ. ತೆರಿಗೆಯ ರಸೀತಿಯಲ್ಲಿ ಆ ಸಾಲನ್ನು ಹೆಚ್ಚಿನವರು ಗಮನಿಸಿರಲಾರರು. ಪುಸ್ತಕ ಕೊಳ್ಳುವುದಕ್ಕಷ್ಟೇ ಅಲ್ಲ, ಕೊಂಡ ಪುಸ್ತಕ ಯಾರದೆಂದು ಸರಿಯಾಗಿ ಬರೆಯುವುದಕ್ಕೂ ಆ ಹಣದಲ್ಲಿ ಒಂದು ಪಾಲು ಸಲ್ಲಬೇಕು.

ಕೆಲಸವನ್ನು ತೀರಿಹೋದವರಿಂದ ಆರಂಭಿಸುವುದು ಒಳ್ಳೆಯದು. ಅವರ ವರ್ಷಗಳು ನಿಶ್ಚಿತ, ಕೃತಿಗಳ ಸಂಖ್ಯೆಯೂ ಹೆಚ್ಚುವುದಿಲ್ಲ. ಬದುಕಿರುವ ಲೇಖಕರು ಮುಂದಿನ ಪುಸ್ತಕ ಅಚ್ಚಾಗುವಾಗ ಇನಿಷಿಯಲ್ಸನ್ನು ಬಿಡಿಸಿ, ಪೂರ್ಣ ಹೆಸರನ್ನೂ ಹುಟ್ಟಿದ ವರ್ಷವನ್ನೂ ಮುಖಪುಟದ ಹಿಂಬದಿಯಲ್ಲಿ ಒಂದು ಸಾಲಿನಲ್ಲಿ ಮುದ್ರಿಸಲು ಪ್ರಕಾಶಕರಿಗೆ ಹೇಳಿದರೆ ಸಾಕು. ಅದಕ್ಕೆ ಸರಕಾರದ ಆದೇಶವೇನೂ ಬೇಕಾಗಿಲ್ಲ.